ಫಾರಸಿಯ ‘ನಾ’

ಅಂಕೋಲೆ
೧೪ ನವೆಂಬರ್ ೨೦೨೪

ಪ್ರೀತಿಯ ಪೂರ್ಣಿಮಾ ಅತ್ತಿಗೆಗೆ, ನಿನ್ನ ಸುನೀತಾ ಮಾಡುವ ನಮಸ್ಕಾರ.

ನೀನು ಕೇಳಿದ ಕೆಲಸ ಆಯಿತು. ಹೇಗಾಯಿತೆಂದು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ರೂಪೇಶಣ್ಣನ ದೋಣಿ ದೇವಬಾಗದಾಚೆ ಮಗುಚಿ ಏಳು ವರ್ಷ ದಾಟಿತು. ಅವನು ತೀರಿಕೊಂಡನೆಂದು ಕೋರ್ಟು ಹೇಳಿದರಷ್ಟೇ ನೀನೂ ಜಗದೀಶ ಮಾಸ್ತರೂ ಮದುವೆಯಾಗಬಹುದು. ವಕೀಲರ ಕಚೇರಿಯಲ್ಲಿ ಅರ್ಜಿ ಟೈಪ್ ಮಾಡುವುದು ನನ್ನ ನಿತ್ಯದ ಕೆಲಸ. ಇದನ್ನೂ ನಾನೇ ಮಾಡಿದೆ. ‘ಸದರಿ ರೂಪೇಶ ಬಿನ್ ದತ್ತಾ ಸಮುದ್ರದಲ್ಲಿ ನಾಪತ್ತೆಯಾಗಿದ್ದು, ಮಯತನೆಂದು ಜಾಹೀರು ಮಾಡಬೇಕಾಗಿ ವಿನಂತಿ.’ ಅಣ್ಣನ ಹೆಸರಿಗಿಂತ ಆ ಪದಗಳೇ ನನ್ನ ಬೆರಳಿಗೆ ಹೆಚ್ಚು ರೂಢಿ.

ತಾಯಿಯ ಹೇಳಿಕೆಯೂ ಬೇಕಿತ್ತು. ಆಯಿಗೆ ಓದಿ ಹೇಳಿದೆ. ‘ನಾಪತ್ತೆ’ ಬಂದದ್ದೇ ಅವಳು ನನ್ನ ಕೈ ಹಿಡಿದಳು.

“ಕೇಳ್ತದ್ಯೇನೆ? ಅಂವ ಇದ್ನೇ ಹೇಳೂದು. ನಾ, ಪತ್ತೆ. ದಿನಾ ಸಂಜಿಗೆ ದಂಡೆ ಮೇಲೆ ಕರೀತ.”

ಇದು ನಮ್ಮ ‘ನಾ’ ಅಲ್ಲ ಆಯಿ, ಫಾರಸಿಯದು, ನಾಲಾಯಕ್ಕಿನಲ್ಲಿ ಇರುವಂಥದು, ಪದದ ಮುಂದೆ ನಿಂತರೆ ಇದ್ದದ್ದನ್ನು ಇಲ್ಲ ಮಾಡುತ್ತದೆ ಎಂದೆ.

“ಅಂವಂಗೆ ಫಾರಸಿ ಬತ್ತದ್ಯೇನೆ?” ಎಂದಳು.

ಆಮೇಲೆ ಎಷ್ಟೋ ದಿನ ಅವಳು ಆ ಕಾಗದ ಮುಟ್ಟಲಿಲ್ಲ. ನಿನ್ನ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದಳು. ಕಳೆದ ಭಾನುವಾರ ತಾನಾಗಿಯೇ ನನ್ನನ್ನು ದಂಡೆಗೆ ಕರೆದೊಯ್ದಳು. ಸೀರೆ ನೆನೆಯುವಷ್ಟು ನೀರಿಗಿಳಿದು ನಿಂತಳು. ಹೊತ್ತು ಮುಳುಗುವಾಗ ತಲೆ ಓರೆ ಮಾಡಿ ಆಲಿಸಿದಳು. ನನಗೆ ಅಲೆಯಷ್ಟೇ ಕೇಳಿತು. ಅವಳು ಉತ್ತರ ಕೊಟ್ಟಳು:

“ಮಗಾ, ನೀ ಇದ್ರೆ ಇರು. ಅವ್ಳ ಬಿಟ್‌ಬಿಡು.”

ಮನೆಗೆ ಬಂದು ಪೆನ್ನು ಕೇಳಿದಳು. ಸತ್ತವನು ಎನ್ನುವ ಆ ‘ಮಯತ’ ಪದಕ್ಕೆ ಮಾತ್ರ ಒಪ್ಪಲಿಲ್ಲ. ಅವಳ ಹೇಳಿಕೆಯಲ್ಲಿ ಅವಳದೇ ಮಾತು ಬರೆದೆ: ‘ನನ್ನ ಮಗ ಸಮುದ್ರದಿಂದ ಬರಲಿಲ್ಲ. ಏಳು ವರ್ಷದಿಂದ ಅವನನ್ನು ಕಂಡವರಿಲ್ಲ. ಸೊಸೆ ಇನ್ನು ಕಾಯುವುದು ಬೇಡ.’ ಇಷ್ಟು ಸಾಕು ಎಂದರು ವಕೀಲರು. ಕೆಳಗೆ ನಿಧಾನಕ್ಕೆ ಸಹಿ ಹಾಕಿದಳು, ಕಾಶಿ ಕೋಂ ದತ್ತಾ.

ಸೋಮವಾರ ಕಾರವಾರಕ್ಕೆ ಬಾ, ನಿನ್ನ ಸಹಿಯೊಂದು ಬಾಕಿ. ಮದುವೆಗೆ ಆಯಿಯನ್ನು ಕರೆಯಲು ಹಿಂಜರಿಯಬೇಡ. ಬರುತ್ತೇನೆ ಎಂದಿದ್ದಾಳೆ.

ನಿನ್ನ ನಾದಿನಿ,
ಸುನೀತಾ

ತಾ.ಕ.: ಮನೆಯಲ್ಲಿ ನಾವಿಬ್ಬರೇ ಆದರೂ ಆಯಿ ಇಷ್ಟು ವರ್ಷ ಊಟಕ್ಕೆ ಮೂರು ತಟ್ಟೆ ಇಡುತ್ತಿದ್ದಳು. ಸಹಿಯಾದ ದಿನ ಎರಡೇ ಇಟ್ಟಳು. ಮೂರನೆಯದನ್ನು ತಂದಿಟ್ಟವಳು ನಾನು.