ಹೊಡೆಯದ ಗಂಟೆ

ಮಕ್ಕಳ ಆಸ್ಪತ್ರೆ, ಮೂರನೇ ಮಹಡಿಯ ಕಾರಿಡಾರು
ಗುರುವಾರ, ನವೆಂಬರ್ ೧೪

ಪ್ರೀತಿಯ ಗುಬ್ಬಿಯ ಅಪ್ಪನಿಗೆ,

ನಿಮ್ಮ ಸೊಂಟನೋವು ಹೇಗಿದೆ? ಇಂಜಿನ್ ರೂಮಿನ ಏಣಿ ಇಳಿಯುವಾಗ ಬೆಲ್ಟು ಕಟ್ಟಿಕೊಳ್ಳುತ್ತೀರೋ, ಇಲ್ಲ ಅದು ಪೆಟ್ಟಿಗೆಯಲ್ಲೇ ಹಾಯಾಗಿದೆಯೋ? ಹಡಗಿಗೆ ಫೋನು ಮಾಡಿದರೆ ಅರ್ಧ ಮಾತು ಸಮುದ್ರಕ್ಕೆ ಬೀಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಹಡಗಿಗೆ ಹೋಗುವ ಚೀಲದಲ್ಲಿ ಹಾಕುವುದಾಗಿ ಹಡಗಿನ ಏಜೆಂಟರ ಕಚೇರಿಯವರು ಒಪ್ಪಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ: ಗುಬ್ಬಿ ಉಳಿದಳು. ನಿನ್ನೆ ಉಸಿರಾಟದ ಯಂತ್ರದಿಂದ ಬಿಡಿಸಿ ಗಂಟಲಿನ ಕೊಳವೆ ತೆಗೆದರು. ಕಣ್ಣು ಬಿಟ್ಟವಳೇ ಗೊಗ್ಗರು ದನಿಯಲ್ಲಿ, "ಅಮ್ಮಾ, ನನ್ನ ದನಿ ಯಾರು ತಗೊಂಡ್ರು?" ಎಂದಳು. ನರ್ಸು ನಗುತ್ತಾ, "ನಿಮ್ಮಪ್ಪ ಹಡಗಲ್ಲಿ ತಗೊಂಡ್ಹೋದ್ರು ಕಣೇ" ಎಂದಳು. ಮಗಳು ಅದನ್ನೇ ನಂಬಿಕೊಂಡಿದ್ದಾಳೆ. ಬರುವಾಗ ವಾಪಸು ತರಬೇಕಂತೆ.

ನಮ್ಮ ದೊಡ್ಡ ಮಗನಿದ್ದಾಗ ನೀವು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಜ್ವರದ ಚೀಟಿ ನೆನಪಿದೆಯಲ್ಲ? ಇಂಜಿನ್ನಿನ ಮೀಟರಿಗೆ ಹಾಕುವಂತೆ ನೂರಾ ಮೂರಕ್ಕೆ ಕೆಂಪು ಗೆರೆ ಎಳೆದಿದ್ದಿರಿ. "ಕೆಂಪು ದಾಟೋವರೆಗೂ ಯಾರೂ ಗಾಬರಿ ಬೀಳಬಾರದು. ಸುಮ್ಸುಮ್ನೆ ಕೂಗಾಡಿದ್ರೆ ಹಡಗು ನಡೆಯಲ್ಲ" ಎನ್ನುತ್ತಿದ್ದಿರಿ. ಅವನ ಜ್ವರ ಕೊನೆಯವರೆಗೂ ಗೆರೆಯ ಕೆಳಗೇ ಇತ್ತು. ನಾನು ಕಾದೆ. ನೀವು ಹಡಗಿನಿಂದ ಬಂದಾಗ ಮಗು ಇರಲಿಲ್ಲ. ಚಪ್ಪಲಿ ಬಿಚ್ಚುವ ಮೊದಲೇ, "ಅಷ್ಟೂ ತಿಳೀಲಿಲ್ವೇನೇ ನಿಂಗೆ?" ಎಂದಿರಿ. ಗುಬ್ಬಿ ಆಗ ತೊಟ್ಟಿಲಲ್ಲಿದ್ದಳು. ಅಲ್ಲಿಂದೀಚೆಗೆ ರಜೆಯಲ್ಲಿ ಬಂದರೂ ಮನೆಯಲ್ಲಿ ನೀವು ನೆಂಟರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತೀರಿ.

ಈ ಸಲ ಗುಬ್ಬಿಯ ಜ್ವರವೂ ಗೆರೆ ದಾಟಿರಲಿಲ್ಲ. ಆದರೆ ಉಸಿರು ನನ್ನ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿತ್ತು. ಕತ್ತರಿಸುತ್ತಿದ್ದ ಯೂನಿಫಾರಂ ಬಟ್ಟೆಯನ್ನು ಹಾಗೇ ಬಿಟ್ಟು ಅವಳನ್ನು ಎತ್ತಿಕೊಂಡು ಬಂದೆ. ಇಲ್ಲಿನ ಕೌಂಟರಿನವನು ಥರ್ಮಾಮೀಟರ್ ನೋಡಿ, "ಇಷ್ಟಕ್ಕೆಲ್ಲಾ ಓಡಿ ಬರ್ತಾರೇನಮ್ಮಾ?" ಎಂದ. "ಕಡ್ಡಿ ಬಿಡಪ್ಪಾ, ಅವಳ ಪಕ್ಕೆ ಹೇಗೆ ಒಳಗೆ ಸೆಳೀತಿದೆ ನೋಡು" ಎಂದೆ. ನೋಡಿದ. ಆಮೇಲೆ ಅವನೇ ಸ್ಟ್ರೆಚರ್ ತಳ್ಳಿಕೊಂಡು ಓಡಿದ.

ಇದು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಬಂದು ಹೋದ ಅದೇ ಫ್ಲೂ. ಉಳಿದವರು ಎದ್ದು ಆಡುತ್ತಿದ್ದಾರೆ, ಇವಳಿಗೆ ಮಾತ್ರ ಏಕೆ ಹೀಗೆ ಎಂದು ನಾನು ಡಾಕ್ಟರಮ್ಮನನ್ನು ಬಿಡಲಿಲ್ಲ. ಅವರೂ ಬಿಡಲಿಲ್ಲ, ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದರು. ಅವರು ತಿಳಿಸಿದ್ದನ್ನು ನಿಮ್ಮ ಕಸುಬಿನ ಮಾತಿನಲ್ಲಿ ಬರೆಯುತ್ತೇನೆ. ವೈರಸ್ಸು ಒಂದು ಜೀವಕೋಶದೊಳಗೆ ನುಗ್ಗಿದರೆ ಆ ಕೋಶ ಸಾಯುವ ಮೊದಲು ಅಪಾಯದ ಗಂಟೆ ಹೊಡೆಯುತ್ತದೆ. ಆ ಗಂಟೆಗೆ ಇಂಟರ್‌ಫೆರಾನ್ ಎಂದು ಹೆಸರು. ಅಕ್ಕಪಕ್ಕದ ಕೋಶಗಳು ಅದನ್ನು ಕೇಳಿ ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ವೈರಸ್ಸು ಹಬ್ಬುವುದು ನಿಧಾನವಾಗುತ್ತದೆ, ಅಷ್ಟರಲ್ಲಿ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ನಮ್ಮ ಗುಬ್ಬಿಯಲ್ಲಿ ಆ ಗಂಟೆ ಸರಿಯಾಗಿ ಹೊಡೆಯುವುದಿಲ್ಲ. ಹುಟ್ಟಿನಿಂದಲೇ ತಂತಿ ಸಡಿಲ. ಕೆಳಗಿನ ಕೋಣೆಯಲ್ಲಿ ಬೆಂಕಿ ಬಿದ್ದದ್ದು ಮೇಲಿನವರಿಗೆ ಗೊತ್ತಾಗುವಾಗ ಅರ್ಧ ಹಡಗು ಉರಿದಿರುತ್ತದೆ. ಆಮೇಲೆ ಎಲ್ಲರೂ ಒಟ್ಟಿಗೆ ನುಗ್ಗಿ, ಹಡಗೇ ಮುಳುಗುವಷ್ಟು ನೀರು ಹೊಯ್ಯುತ್ತಾರೆ. ಅವಳ ಶ್ವಾಸಕೋಶ ತುಂಬಿದ್ದು ಹಾಗೆ: ಅರ್ಧ ವೈರಸ್ಸಿನಿಂದ, ಅರ್ಧ ಅದರ ಮೇಲೆ ತಡವಾಗಿ ಬಿದ್ದ ನಮ್ಮದೇ ಸೈನ್ಯದಿಂದ.

ದೊಡ್ಡವನಿಗೂ ಇದೇ ಆಗಿತ್ತೇ ಎಂದು ಕೇಳಿದೆ. "ಬಹುಶಃ. ಆಗ ಯಾರೂ ಹುಡುಕಿರಲಿಲ್ಲ, ಯಾರ ತಪ್ಪೂ ಅಲ್ಲ" ಎಂದರು. ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಒಂದು ದಿನ ಮೊದಲು ತಂದಿದ್ದರೆ ಉಳಿಯುತ್ತಿದ್ದನೇ ಎಂದೂ ಕೇಳಿದೆ. "ಗೊತ್ತಿಲ್ಲಮ್ಮಾ" ಎಂದರು. ಆ ಉತ್ತರವನ್ನು ನಾನು ಒಪ್ಪಿಕೊಂಡಿದ್ದೇನೆ, ನೀವೂ ಒಪ್ಪಿಕೊಳ್ಳಬೇಕು. ಇನ್ನು ಮೇಲೆ ಆ ಪ್ರಶ್ನೆಯನ್ನು ನಾನೊಬ್ಬಳೇ ಹೊರುವುದಿಲ್ಲ.

ಮುಂದಿನದನ್ನು ನಾನು ನಿರ್ಧರಿಸಿಯಾಗಿದೆ. ಗಂಟೆ ಹೊಡೆಯದಿದ್ದರೂ ಮೊದಲೇ ಪಾಠ ಕಲಿತ ಸೈನ್ಯ ಕಾವಲಿಗೆ ನಿಲ್ಲಬಲ್ಲದಂತೆ, ಆದ್ದರಿಂದ ಅವಳಿಗೆ ವರ್ಷವರ್ಷವೂ ಫ್ಲೂ ಲಸಿಕೆ. ಕೆಮ್ಮು ಬಂದ ದಿನವೇ ಆಸ್ಪತ್ರೆ, ಜ್ವರ ಇರಲಿ ಬಿಡಲಿ. ಶಾಲೆಯ ಟೀಚರಿಗೂ ಹೇಳಿಟ್ಟಿದ್ದೇನೆ. ಹೊಲಿಗೆ ಅಂಗಡಿಯ ಯಜಮಾನಮ್ಮ, "ನೀನು ಹಿಂಗೆ ಓಡ್ತಿದ್ರೆ ಕಾಲರ್ ಯಾರು ಕೂರಿಸ್ತಾರೆ?" ಎಂದು ಗೊಣಗಿದರು. ನೀವೇ ಕೂರಿಸಿ ಎಂದೆ. ಕೂರಿಸಿದ್ದಾರೆ, ಸೊಟ್ಟಗೆ. ಸಡಿಲ ತಂತಿ ಯಾರ ಕಡೆಯಿಂದ ಬಂತೆಂದು ನೋಡಲು ಅಪ್ಪ ಅಮ್ಮ ಇಬ್ಬರ ರಕ್ತವೂ ಬೇಕಂತೆ. ನನ್ನದು ಕೊಟ್ಟಾಯಿತು. ಮುಂದಿನ ಬಂದರಿನಲ್ಲಿ ನಿಮ್ಮದನ್ನು ಕೊಡಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಗುಬ್ಬಿಯ ಮುತ್ತುಗಳು, ನಿಮ್ಮ ಅಮ್ಮನ ಆಶೀರ್ವಾದ ಇದರ ಜೊತೆಗಿವೆ.

ನಿಮ್ಮ
ಗುಬ್ಬಿಯ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಫ್ಲಾಸ್ಕು ಹಿಡಿದು ಬಂದರು. ಎಲ್ಲ ಕೇಳಿ, "ನಿನ್ನ ಗಂಡನೂ ಚಿಕ್ಕವನಿದ್ದಾಗ ಬರೀ ನೆಗಡಿ ಅಂತ ಶುರುವಾಗಿ ಹಿಂಗೇ ಏದುಸಿರು ಬಿಟ್ಕೊಂಡು ಮಲಗಿದ್ದ ಕಣೇ. ಡಾಕ್ಟ್ರು ಕೈ ಚೆಲ್ಲಿದ್ರು, ಅದ್ಹೇಗೋ ಎದ್ದ" ಎಂದರು. ಪಕ್ಕದಲ್ಲಿದ್ದ ಡಾಕ್ಟರಮ್ಮನ ಮುಖ ಬದಲಾಯಿತು. "ಆ ಸಡಿಲ ತಂತಿ ಅವರಲ್ಲೂ ಇರಬಹುದು, ಮೊದಲು ಅವರಿಗೆ ತಿಳಿಸಿ" ಎಂದರು. ಏಜೆಂಟರ ಕಚೇರಿಗೆ ಫೋನು ಮಾಡಿದರೆ, ನಿಮ್ಮ ಪಾಳಿಯವನೇ ಒಬ್ಬ ಫ್ಲೂ ಹಿಡಿದು ಮಲಗಿದ್ದಾನೆ ಎನ್ನುತ್ತಾರೆ. ನಿಮ್ಮನ್ನು ಕೂಡಲೇ ಬೇರೆ ಕೋಣೆಗೆ ಹಾಕಲು ಕ್ಯಾಪ್ಟನ್ನರಿಗೆ ರೇಡಿಯೋದಲ್ಲಿ ಹೇಳಿಸಿದ್ದೇನೆ. ಡಾಕ್ಟರಮ್ಮ ಬರೆದುಕೊಟ್ಟ ಔಷಧಿ ಈ ಲಕೋಟೆಯೊಳಗೇ ಇದೆ. ಜ್ವರ ನೋಡುತ್ತಾ ಕೂರಬೇಡಿ, ಕೈಗೆ ಸಿಕ್ಕ ಕೂಡಲೇ ನುಂಗಿ. ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ಅದನ್ನು ಎದುರಿಗೆ ಕೂರಿಸಿಕೊಂಡೇ ತೀರಿಸಬೇಕು, ಬದುಕಿ ಬನ್ನಿ.