ಹೆಸರುಹಬ್ಬದ ಅರವತ್ತು ಗುಂಡು

ಏಪ್ರಿಲ್ 9, 1984. ಸೋಮವಾರ

ಬೆಳಿಗ್ಗೆ ಐದಕ್ಕೆ ಟ್ರಾಮ್ ಡಿಪೋ. ರೈಲು ನಿಲ್ದಾಣದಿಂದ ದಿಯೋಷ್‌ಗ್ಯೋರಿಗೆ, ಮತ್ತೆ ವಾಪಸ್ಸು. ಏಳು ಸುತ್ತು. ಬ್ರೇಕು ಹದವಾಗಿ ಹಿಡಿದೆ, ಒಬ್ಬ ಮುದುಕಿಯೂ ಬೈಯಲಿಲ್ಲ. ಎರಡಕ್ಕೆ ಗುಂಡು ಹೊಡೆಯುವ ರೇಂಜ್. ಮೊದಲು ಗುಂಡಿಲ್ಲದೆ ಬರೀ ಟ್ರಿಗರ್ ಎಳೆಯುವುದು, ನಲವತ್ತು ಸಲ. ಆಮೇಲೆ ನಿಜವಾದ ಗುಂಡು, ಅರವತ್ತು.

ಕಾಫಿ ಬಿಟ್ಟು ಹನ್ನೊಂದು ದಿನ. ತಲೆ ಸಿಡಿಯುತ್ತಿದೆ... ಸಿಡಿಯಲಿ. ಕಾಫಿ ಕುಡಿದರೆ ಎದೆಬಡಿತ ನಳಿಗೆಯ ತುದಿಯವರೆಗೂ ಹೋಗುತ್ತದೆ.

ಶನಿವಾರ ಬುಡಾಪೆಸ್ಟಿನಲ್ಲಿ ಆಯ್ಕೆ. ಹೆಂಗಸರಿಗೆ ಅಂತಲೇ ಒಲಿಂಪಿಕ್ಸಿನಲ್ಲಿ ರೈಫಲ್ ಸ್ಪರ್ಧೆ ಇಡುತ್ತಿರುವುದು ಇದೇ ಮೊದಲು. ಹತ್ತೊಂಬತ್ತಕ್ಕೆ ರೈಫಲ್ ಹಿಡಿದವಳು, ಈಗ ನಲವತ್ತೊಂದು. ನಮ್ಮ ದೇಶದಿಂದ ಒಬ್ಬಳೇ ಹೋಗುವುದು. ನಾನು, ಇಲ್ಲವೇ ನಮ್ಮ ಕ್ಲಬ್ಬಿನದೇ ವಿಯೋಲಾ. ಇಪ್ಪತ್ತೆರಡು ವರ್ಷದ ಹುಡುಗಿ. ನಾನು ರೈಫಲ್ ಹಿಡಿದು ಎಷ್ಟು ವರ್ಷವಾಯಿತೋ ಅಷ್ಟೇ ಅವಳ ವಯಸ್ಸು. ನನ್ನನ್ನು ನೇನಿ ಅನ್ನುತ್ತಾಳೆ, ವಯಸ್ಸಾದವರನ್ನು ಕರೆಯುವ ಹಾಗೆ. ಇಷ್ಟು ಬೇಗ ಅತ್ತೆ ಮಾಡಿಬಿಟ್ಟಳು.

ಏಪ್ರಿಲ್ 14. ವಾಪಸ್ಸು ಬರುವ ರೈಲಿನಲ್ಲಿ

ಗೆದ್ದೆ. ನಾಲ್ಕು ಅಂಕದಿಂದ.

ಗೆದ್ದ ಖುಷಿ ಪೂರ್ತಿ ಇಲ್ಲ, ಸುಳ್ಳೇಕೆ ಬರೆಯಲಿ. ಮಂಡಿಯೂರಿ ಹೊಡೆಯುವಾಗ ವಿಯೋಲಾ ಒಂದು ಗುಂಡನ್ನು ನನ್ನ ಗುರಿಯ ಕಾರ್ಡಿಗೆ ಹೊಡೆದಳು. ಸಾಲಿನಲ್ಲಿ ಪಕ್ಕದವಳ ಕಾರ್ಡಿಗೆ. ನಮ್ಮ ಆಟದಲ್ಲಿ ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ. ಕಣ್ಣಿಗೆ ಕಾಣುವುದು ರೈಫಲ್ಲಿನ ಸಣ್ಣ ತೂತು, ಅದರಾಚೆ ಕರಿ ಬೊಟ್ಟು. ಎಲ್ಲ ಬೊಟ್ಟೂ ಒಂದೇ ಥರ. ಮೇಲಿನ ನಂಬರ್ ನೋಡದೆ ಎಳೆದರೆ ಮುಗಿಯಿತು. ಸೊನ್ನೆ.

ತೀರ್ಪುಗಾರರ ಮುಂದೆ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡಳು. ಕಾರ್ಡು ಸರಿಸುವ ಯಂತ್ರ ಸಿಕ್ಕಿಕೊಂಡಿತ್ತು ಅಂತ ಒಂದು ಮಾತು ಹೇಳಿ, ಮತ್ತೆ ಹೊಡೆಯಲು ಬಿಡುತ್ತಾರೆ ಎಂದಳು. ಸಿಕ್ಕಿಕೊಂಡಿರಲಿಲ್ಲ. ಹೇಳಲಿಲ್ಲ.

ರೈಲಿನಲ್ಲಿ ಎದುರಿಗೇ ಕೂತಿದ್ದಾಳೆ, ಮುಖ ಊದಿಸಿಕೊಂಡು. ಹಟ್ವಾನ್ ದಾಟಿದ ಮೇಲೆ ಒಮ್ಮೆ ಬಾಯಿಬಿಟ್ಟಳು.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು, ನೇನಿ?"

"ಸೊನ್ನೆ ಅಂದ್ರೆ ಸೊನ್ನೆ ಕಣೆ," ಅಂದೆ.

ಲೆಹೆಲ್ ಬಾಚಿ, ಎಲ್ಲರಿಗೂ ಬಾಚಿ ಅಂದರೆ ಮಾವ, ನಮ್ಮಿಬ್ಬರಿಗೂ ಕಲಿಸಿದವರು, ಅರವತ್ತೆಂಟು ವರ್ಷದ ಮನುಷ್ಯ, ಕಿಟಕಿಯ ಹೊರಗೆ ನೋಡುತ್ತ ಪೊಗಾಚಾ ಬನ್ನು ತಿನ್ನುತ್ತಿದ್ದಾರೆ. ಯಾರ ಪರವೂ ಇಲ್ಲ.

ಏಪ್ರಿಲ್ 23. ಈಸ್ಟರ್ ಸೋಮವಾರ

ರಜೆ. ಆದರೂ ರೇಂಜ್. ಲೆಹೆಲ್ ಬಾಚಿ ಅತ್ತರಿನ ಶೀಶೆ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ವಾಡಿಕೆಯಂತೆ ಹೂವು ಬಾಡದಿರಲಿ ಎಂದು ಪದ್ಯ ಹೇಳಿ ತಲೆಗೆ ಸಿಂಪಡಿಸಿದರು. ಪದ್ಯ ಪ್ರತಿ ವರ್ಷ ಅದೇ, ಪ್ರತಿ ವರ್ಷ ಎರಡನೇ ಸಾಲು ಮರೆಯುತ್ತಾರೆ. ಬಣ್ಣದ ಮೊಟ್ಟೆ ಕೊಟ್ಟೆ. ಆಮೇಲೆ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ಎರಡು ಗಂಟೆ ಹೊಡೆಸಿದರು. ಲಾಸ್ ಏಂಜಲೀಸಿನ ಬಿಸಿಲು ಬಾಣಲೆಯ ಹಾಗೆ ಇರುತ್ತದಂತೆ. ಅವರೇನು ಹೋಗಿ ನೋಡಿದ್ದಾರೆಯೇ!

ವಿಯೋಲಾ ಬರಲಿಲ್ಲ.

ಮೇ 8

ಮಾಸ್ಕೋದವರು ಒಲಿಂಪಿಕ್ಸಿಗೆ ಹೋಗುವುದಿಲ್ಲವಂತೆ. ಟ್ರಾಮಿನ ತುಂಬ ಅದೇ ಗುಸುಗುಸು. ಲೆಹೆಲ್ ಬಾಚಿ ರೇಡಿಯೋ ಆರಿಸಿ, ನಾವು ಮಾಸ್ಕೋ ಅಲ್ಲವಲ್ಲ, ಹೋಗು ಹೊಡಿ ಅಂದರು. ಹೊಡೆದೆ. ನಿಂತು ಹೊಡೆದದ್ದರಲ್ಲಿ ಇನ್ನೂರಕ್ಕೆ ನೂರಾ ತೊಂಬತ್ತೆರಡು. ಈ ವರ್ಷದ್ದೇ ಹೆಚ್ಚು.

ಮೇ 16

ನಾವೂ ಹೋಗುವುದಿಲ್ಲ.

ಮೇ 17

ರೇಡಿಯೋದಲ್ಲಿ ಹೇಳಿದ್ದು ಅಷ್ಟೇ. ನಾವು ಅಂದರೆ ಯಾರು? ಹೋಗಬೇಕಿದ್ದವಳು ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಇವತ್ತು ಬ್ರೇಕು ಎರಡು ಸಲ ಗಕ್ಕನೆ ಹಿಡಿದೆ. ಒಬ್ಬ ಅಜ್ಜಿ ಮೂಲಂಗಿ ಬುಟ್ಟಿಯ ಸಮೇತ ಒಬ್ಬ ಪೊಲೀಸಿನವನ ತೊಡೆಯ ಮೇಲೆ ಬಿದ್ದಳು. ಇಬ್ಬರಿಗೂ ನಗು. ನನಗೆ ಬರಲಿಲ್ಲ. ಮಧ್ಯಾಹ್ನ ಮನೆಗೆ ಹೋಗಿ ಒಂದರ ಮೇಲೊಂದು ಮೂರು ಲೋಟ ಕಾಫಿ ಕುಡಿದೆ. ಆಮೇಲೆ ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಸಿಟ್ಟೇ ವಾಸಿ.

ಜೂನ್ 6

ಮೇಲಿನ ಕಚೇರಿಯಿಂದ ಕಾಮ್ರೇಡ್ ದೋಬ್ರೋಶಿ ಬಂದಿದ್ದರು. ಟೈ, ಬೆವರು, ಮೆತ್ತಗಿನ ಮಾತು. ಒಂದು ಕಾಗದ ಮುಂದಿಟ್ಟರು. ಕ್ರೀಡಾಪಟುಗಳ ಸುರಕ್ಷತೆಯ ದೃಷ್ಟಿಯಿಂದ ಈ ತೀರ್ಮಾನವನ್ನು ಮನಃಪೂರ್ವಕ ಸ್ವಾಗತಿಸುತ್ತೇನೆ. ಕೆಳಗೆ ನನ್ನ ಹೆಸರು ಟೈಪಾಗಿದೆ, ಸಹಿಗೆ ಜಾಗ ಬಿಟ್ಟಿದೆ. ಸಹಿ ಹಾಕಿದವರಿಗೆ ಆಗಸ್ಟ್ ಕೊನೆಯಲ್ಲಿ ಮಾಸ್ಕೋದ ಬದಲಿ ಕೂಟ. ಹಾಕದವರಿಗೆ ತಂಡದಲ್ಲಿ ಜಾಗವಿಲ್ಲ, ತಂಡದ ರೈಫಲ್ಲೂ ಇಲ್ಲ.

ಸುರಕ್ಷತೆ ಯಾರಿಗೆ ಎಂದು ಕೇಳಿದೆ. ನಿಮಗೇ ಅಂದರು.

"ಅಲ್ಲಿ ಗುಂಡು ಹೊಡೆಯೋಳು ನಾನು, ಕಾಮ್ರೇಡ್. ಹೆದರೋದಿದ್ರೆ ಅವರು ಹೆದರಬೇಕು."

ಲೆಹೆಲ್ ಬಾಚಿ ಕೆಮ್ಮಿದರು. ಎರಡು ದಿನ ಯೋಚನೆ ಮಾಡಿ ಎಂದು ಹೇಳಿ ಹೋದರು ಕಾಮ್ರೇಡ್.

ಜೂನ್ 8

ಯೋಚನೆ ಮಾಡಿದೆ. ಮಾಸ್ಕೋ ಏನೂ ಕೆಟ್ಟದ್ದಲ್ಲ, ಹೊಡೆಯುವ ದೂರ ಅದೇ ಐವತ್ತು ಮೀಟರ್. ಆದರೆ ನಾನು ಸ್ವಾಗತಿಸಲಿಲ್ಲ. ಮನಃಪೂರ್ವಕವಾಗಿ ಅಂತೂ ಖಂಡಿತ ಇಲ್ಲ. ಸಹಿ ಹಾಕಲಿಲ್ಲ.

ವಿಯೋಲಾ ಹಾಕಿದಳು. ನನ್ನ ಜಾಗ ಈಗ ಅವಳದು. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕಳು. ಅವಳೇ ಮಾತು ತೆಗೆದಳು.

"ಕೊನೆಗೆ ನಿಮಗೂ ಸೊನ್ನೇನೇ ಅಲ್ವಾ, ಎಟೆಲ್ಕಾ ನೇನಿ."

ಚುಚ್ಚಿದ್ದೇ. ಬೂಟಿನ ದಾರ ಕಟ್ಟಿಕೊಂಡೆ. ಮೂರು ಸಲ ಕಟ್ಟಿದೆ.

ಜುಲೈ 19

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಟ್ರಾಮ್.

ಇವತ್ತು ಲೆಹೆಲ್ ಬಾಚಿ ಡಿಪೋಗೇ ಬಂದರು. ಜೇಬಿನಿಂದ ಪುಟಾಣಿ ಕ್ಯಾಲೆಂಡರ್ ತೆಗೆದು ಆಗಸ್ಟ್ ಎರಡರ ಮೇಲೆ ಉಗುರಿಟ್ಟರು. ಲಾಸ್ ಏಂಜಲೀಸಿನಲ್ಲಿ ಹೆಂಗಸರ ರೈಫಲ್ ಅವತ್ತೇ, ಅದು ನನಗೆ ಬಾಯಿಪಾಠ. ಅವರ ಉಗುರಿದ್ದದ್ದು ಅದರ ಪಕ್ಕದಲ್ಲಿ ಅಚ್ಚಾದ ಹೆಸರಿನ ಮೇಲೆ. ಲೆಹೆಲ್.

ಅವರ ಹೆಸರುಹಬ್ಬ! ವರ್ಷದ ಒಂದೊಂದು ದಿನಕ್ಕೂ ಒಂದೊಂದು ಹೆಸರು, ಅವತ್ತು ಬಾಚಿಯ ಸರದಿ. ಪ್ರತಿ ವರ್ಷ ಅವತ್ತು ಕ್ಲಬ್ಬಿನವರೆಲ್ಲ ಕರೆಯದೆಯೇ ಬರುತ್ತಾರೆ, ವೈನಿಗೆ ಸೋಡಾ ಬೆರೆಸುತ್ತಾರೆ, ಒಂದಷ್ಟು ಗುಂಡು ಹೊಡೆದು ನಗುತ್ತಾರೆ. ಯಾರೂ ಅಪ್ಪಣೆ ಕೇಳಬೇಕಾಗಿಲ್ಲ. ದೋಬ್ರೋಶಿಯೂ ಹೆಸರುಹಬ್ಬಕ್ಕೆ ಅಡ್ಡ ಬರಲಾರರು.

"ನಿನಗೆ ಅರವತ್ತು ಗುಂಡು," ಅಂದರು ಬಾಚಿ. "ಅಲ್ಲಿಯ ನಿಯಮ, ಅಲ್ಲಿಯ ಹೊತ್ತು. ಅಲ್ಲಿ ಬೆಳಿಗ್ಗೆ ಒಂಬತ್ತು ಅಂದ್ರೆ ಇಲ್ಲಿ ಸಂಜೆ ಆರು. ಕಾಫಿ ಬಿಡು."

ಬಿಟ್ಟೆ.

ಜುಲೈ 31

ರೈಫಲ್ ವಾಪಸ್ಸು ಕೊಟ್ಟೆ. ದೋಬ್ರೋಶಿ ಡಬ್ಬ ತೆರೆದು ನಂಬರ್ ಗುರುತು ಹಾಕಿಕೊಂಡರು. ಕೆನ್ನೆಗೆ ತಾಗುವ ಕಡೆ ಒಂಬತ್ತು ವರ್ಷದಲ್ಲಿ ಮರ ಸವೆದು ನುಣ್ಣಗಾಗಿದೆ. ಅದನ್ನು ನೋಡಲೇ ಇಲ್ಲ ಆ ಮನುಷ್ಯ.

ಸ್ಪರ್ಧೆಗೆ ಎರಡು ದಿನ, ಕೈಯಲ್ಲಿ ರೈಫಲ್ಲಿಲ್ಲ. ಉಳಿದದ್ದು ಹೊಸಬರಿಗೆ ಕೊಡುವ ಹಳೇ ರೈಫಲ್. ಹಿಡಿ ಹತ್ತು ಕಡೆ ಬಿರುಕು, ಟ್ರಿಗರ್ ಬಾವಿಯ ರಾಟೆಯ ಹಾಗೆ ಒರಟು. ನಾನು ಹತ್ತೊಂಬತ್ತಕ್ಕೆ ಮೊದಲು ಹಿಡಿದದ್ದು ಅದನ್ನೇ. ಹಿಡಿಗೆ ಫೆಲ್ಟ್ ಬಟ್ಟೆ ಸುತ್ತಿದೆ. ಮುನ್ನೂರು ಸಲ ಖಾಲಿ ಹೊಡೆದೆ. ಬೆರಳಿನ ಚರ್ಮ ಸುಲಿದಿದೆ. ಆಗಲಿ ನೋಡೋಣ.

ಆಗಸ್ಟ್ 2. ಸಂಜೆ ಐದು

ಎಲ್ಲ ಬಂದಿದ್ದಾರೆ. ವಿಯೋಲಾ ಕೂಡ. ಏಳು ಗ್ಲಾಡಿಯೋಲಸ್ ಹೂವು ತಂದು ಬಾಚಿಯ ಕೈಗಿಟ್ಟಳು. ಆಮೇಲೆ ತನ್ನ ದಪ್ಪ ಜಾಕೆಟ್ ಹಾಕಿಕೊಂಡು ಐದನೇ ಸಾಲಿಗೆ ಹೋದಳು. ನನ್ನದು ನಾಲ್ಕನೆಯದು. ಯಾಕೆ ಎಂದು ಕೇಳಿದೆ. ಒಬ್ಬಳೇ ಹೊಡೆದರೆ ಅದು ಸ್ಪರ್ಧೆ ಆಗುತ್ತಾ, ಅಂದಳು. ಮುಖ ನೋಡಲಿಲ್ಲ. ಸಿಟ್ಟು ಇನ್ನೂ ಇದೆ, ಇಬ್ಬರಿಗೂ.

ಯಾರೂ ವೈನ್ ಮುಟ್ಟಿಲ್ಲ. ಕೈ ತಣ್ಣಗಿದೆ. ಹೊರಟೆ.

ಆಗಸ್ಟ್ 3. ಶುಕ್ರವಾರ, ಡಿಪೋದಲ್ಲಿ

ಎಲ್ಲವನ್ನೂ ಬರೆಯುತ್ತೇನೆ. ಏನೂ ಬಿಡುವುದಿಲ್ಲ.

ಬೋರಲು ಮಲಗಿ ಇಪ್ಪತ್ತು. ಎರಡೇ ಒಂಬತ್ತು, ಉಳಿದವೆಲ್ಲ ಹತ್ತು. ಹಳೇ ರೈಫಲ್ ಮುದುಕನ ಹಾಗೆ ಗೊಣಗುತ್ತಲೇ ಕೆಲಸ ಮಾಡಿತು. ನಿಂತು ಇಪ್ಪತ್ತು... ಅಲ್ಲಿ ಸ್ವಲ್ಪ ಬಿಟ್ಟುಕೊಟ್ಟೆ, ಆದರೂ ನೂರಾ ತೊಂಬತ್ತು. ಹಿಂದೆ ಬೆಂಚಿನ ಮೇಲೆ ಹದಿನೈದು ಜನ. ಲೆಹೆಲ್ ಬಾಚಿ ತಮ್ಮ ಹಬ್ಬದ ಸೂಟಿನಲ್ಲೇ ಕೂತು ಕಾರ್ಡಿನ ತೂತುಗಳಿಗೆ ಅಳತೆ ಕಡ್ಡಿ ಇಳಿಸಿ ಅಂಕ ಬರೆಯುತ್ತಿದ್ದರು.

ಮಂಡಿಯೂರಿ ಹದಿನೆಂಟು ಆಯಿತು. ಒಂದೇ ಒಂದು ಒಂಬತ್ತು. ಕೊನೆಯ ಕಾರ್ಡು, ಎರಡು ಗುಂಡು. ಮೊದಲನೆಯದು ಹತ್ತು. ಅಷ್ಟರಲ್ಲಿ ಎಡಗಾಲು ಜೋಮು ಹಿಡಿಯಿತು. ಎದ್ದೆ, ಕಾಲು ಕೊಡವಿದೆ, ಮಂಡಿಯ ಕೆಳಗಿನ ದಿಂಬು ಸರಿ ಮಾಡಿ ಮತ್ತೆ ಊರಿದೆ. ತೂತಿನಲ್ಲಿ ಕರಿ ಬೊಟ್ಟು ಬಂದು ಕೂತಿತು, ಎಷ್ಟು ನಿಶ್ಚಲ, ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ನಿಶ್ಚಲವಾಗಿ ಎಂದೂ ಕೂತಿರಲಿಲ್ಲ. ಎಳೆದೆ. ಹತ್ತು ಅಂತ ಬೆರಳಿಗೇ ಗೊತ್ತಾಯಿತು. ಎದ್ದು ನಿಂತೆ. ಎಲ್ಲ ಚಪ್ಪಾಳೆ.

ಕಾರ್ಡು ಬಂದವು. ನನ್ನದರಲ್ಲಿ ಒಂದೇ ತೂತು. ವಿಯೋಲಾಳದರಲ್ಲಿ ಮೂರು.

ದಿಂಬು ಸರಿ ಮಾಡುವಾಗ ಒಂದು ಬೆರಳಷ್ಟು ಬಲಕ್ಕೆ ತಿರುಗಿದ್ದೆ. ನಂಬರ್ ನೋಡಲಿಲ್ಲ. ಅಷ್ಟೇ.

ಚಪ್ಪಾಳೆ ಎಲ್ಲಿ ನಿಂತಿತೋ ಗೊತ್ತಿಲ್ಲ. ನನ್ನ ಮುಖ ಸುಡುತ್ತಿತ್ತು. ಆಗ ವಿಯೋಲಾ ಮೆಲ್ಲಗೆ ಹೇಳಿದಳು.

"ಬಾಚಿ, ನಾಲ್ಕನೇ ಕಾರ್ಡು ಗಾಳಿಗೆ ಆಡ್ತಿತ್ತು. ನಾನೇ ನೋಡಿದೆ. ನೇನಿ ಇನ್ನೊಂದು ಹೊಡೀಲಿ."

ಗಾಳಿ ಇರಲಿಲ್ಲ. ಏಪ್ರಿಲ್‌ನಲ್ಲಿ ನನ್ನ ಕೈ ಹಿಡಿದು ಬೇಡಿದ್ದನ್ನೇ ಈಗ ನನಗೆ ಕೊಡುತ್ತಿದ್ದಳು. ಚುಚ್ಚಲು ಅಲ್ಲ. ಕಣ್ಣು ನೋಡಿದೆ, ನಿಜವಾಗಿ ಕೊಡುತ್ತಿದ್ದಳು. ಲೆಹೆಲ್ ಬಾಚಿ ತಕ್ಷಣ ಹೌದು ಹೌದು ಗಾಳಿ ಎಂದರು, ಹಿಂದಿನ ಬೆಂಚಿನಿಂದಲೂ ಗಾಳಿ ಗಾಳಿ ಎಂದು ನಾಲ್ಕು ದನಿ ಬಂತು. ಒಂದು ಗುಂಡು ನನ್ನ ಮುಂದೆ ತಂದೂ ಇಟ್ಟರು.

ಆ ಗುಂಡು ಕೈಗೆತ್ತಿಕೊಂಡೆ. ಎತ್ತಿಕೊಂಡೆ ಅನ್ನುವುದನ್ನೂ ಬರೆಯಬೇಕು. ಆಮೇಲೆ ವಾಪಸ್ಸು ಇಟ್ಟೆ.

"ಸೊನ್ನೆ ಬರೀರಿ ಬಾಚಿ."

"ಇವತ್ತು ನನ್ನ ಹಬ್ಬ ಕಣಮ್ಮ. ನಾನು ಬರೆಯಲ್ಲ."

"ಅಲ್ಲಿ ಬರೀತಿದ್ರೋ ಇಲ್ವೋ? ಇದನ್ನ ಬರೀದೇ ಹೋದ್ರೆ ಉಳಿದ ಐವತ್ತೊಂಬತ್ತೂ ಬರೀಬೇಡಿ. ಬರೀ ನಿಮ್ಮ ಹಬ್ಬಕ್ಕೆ ಬಂದು ಪಟಾಕಿ ಹೊಡೆದ ಹಾಗೆ ಆಗುತ್ತೆ."

ಅವರು ಪೆನ್ಸಿಲ್ ಕೆಳಗಿಟ್ಟರು. ವಿಯೋಲಾ ಪೆನ್ಸಿಲ್ ತೆಗೆದುಕೊಂಡಳು. ಅರವತ್ತನೇ ಮನೆಯಲ್ಲಿ ಸೊನ್ನೆ ಬರೆದಳು, ದುಂಡಗೆ, ಒತ್ತಿ. ಮೊತ್ತ ಹಾಕಿದಳು. ಐನೂರ ಎಪ್ಪತ್ತೇಳು. ಕೆಳಗೆ ಸಾಕ್ಷಿ ಎಂದು ತಾನೇ ಸಹಿ ಮಾಡಿದಳು. ನಾನೂ ಮಾಡಿದೆ. ಈ ವರ್ಷ ಯಾವ ಕಾಗದಕ್ಕೂ ಹಾಕದ ಸಹಿ.

ಆಮೇಲೆ ವೈನ್ ಸುರಿದರು. ನಾನು ಅತ್ತೆ, ಎಲ್ಲರೆದುರಿಗೇ. ದುಃಖಕ್ಕಲ್ಲ. ಒಲಿಂಪಿಕ್ಸ್ ಮುಗಿಸಿದೆ, ಯಾರು ಏನೇ ಹೇಳಲಿ.

ಆಗಸ್ಟ್ 4

ಪೇಪರಿನ ಮೂಲೆಯಲ್ಲಿ ಒಂದೇ ಸಾಲು. ಗೆದ್ದವಳ ಅಂಕ ಇತ್ತು. ಸೊನ್ನೆಯ ಬದಲು ಹತ್ತಿದ್ದಿದ್ದರೆ ಎಂದು ಲೆಕ್ಕ ಹಾಕಲಿಲ್ಲ. ಹಾಕಿದೆ. ಇಲ್ಲಿ ಬರೆಯುವುದಿಲ್ಲ.

ಸೆಪ್ಟೆಂಬರ್ 11

ದೋಬ್ರೋಶಿ ತಪಾಸಣೆಗೆ ಬಂದಿದ್ದರು. ಅಂಕದ ಹಾಳೆ ಗೋಡೆಯ ಮೇಲಿದೆ, ಗಾಜು ಹಾಕಿಸಿ. ಮೂಗು ತಾಗುವಷ್ಟು ಹತ್ತಿರ ಹೋಗಿ ತಾರೀಖು ನೋಡಿದರು, ನನ್ನನ್ನು ನೋಡಿದರು. ಇದೇನು ಎಂದರು. ನನ್ನ ಹೆಸರುಹಬ್ಬದ್ದು ಎಂದರು ಬಾಚಿ, ಟೋಪಿ ಸರಿ ಮಾಡಿಕೊಳ್ಳುತ್ತ. ದೋಬ್ರೋಶಿ ಮತ್ತೆ ಓದುತ್ತ ಹೋಗಿ ಕೊನೆಯ ಮನೆಗೆ ಬಂದರು. ನಕ್ಕುಬಿಟ್ಟರು. ಸೊನ್ನೆ ಹೊಡೆದದ್ದನ್ನು ಗಾಜು ಹಾಕಿ ಮೆರೆಸುವವರನ್ನು ಇಲ್ಲೇ ನೋಡಿದ್ದು ಎಂದರು. ತೆಗೆಸಲಿಲ್ಲ.

ನಗಲಿ. ಆ ಸೊನ್ನೆಯೇ ಹಾಳೆಯನ್ನು ಉಳಿಸಿತು.

ವಿಯೋಲಾ ಮಾಸ್ಕೋದಿಂದ ಬಂದಿದ್ದಾಳೆ. ಆರನೇ ಜಾಗ. ಪ್ರತಿ ಗುಂಡಿಗೂ ಮೊದಲು ನಂಬರ್ ನೋಡಿದೆ ನೇನಿ, ಕುತ್ತಿಗೆ ಹಿಡಿದುಕೊಂಡಿದೆ ಎಂದಳು. ಇಬ್ಬರೂ ನಕ್ಕೆವು.

ಸೆಪ್ಟೆಂಬರ್ 24. ರೇಂಜ್

ಮುಂದಿನ ಒಲಿಂಪಿಕ್ಸಿಗೆ ನಲವತ್ತೈದಾಗುತ್ತದೆ. ತಂಡದಲ್ಲಿಲ್ಲ, ತಂಡದ ರೈಫಲ್ಲಿಲ್ಲ. ಹಳೆಯದಕ್ಕೆ ಬಾಚಿ ಹೊಸ ಟ್ರಿಗರ್ ಕೂರಿಸಿದ್ದಾರೆ. ವಸಂತದಲ್ಲಿ ರಾಷ್ಟ್ರೀಯ ಸ್ಪರ್ಧೆ. ಯಾರು ಬೇಕಾದರೂ ಹೆಸರು ಕೊಡಬಹುದು. ಕೊಟ್ಟೆ.

ಕಾಫಿ ಬಿಟ್ಟು ನಾಲ್ಕು ದಿನ. ಇವತ್ತಿನ ಪಾಠ: ದಿಂಬು. ಎಡಗಾಲು. ನಂಬರ್ ಬಾಯಿಬಿಟ್ಟು ಹೇಳುವುದು, ಆಮೇಲೆ ಉಸಿರು. ನಾಲ್ಕು. ನನ್ನದೇ. ಇನ್ನು ಉಸಿರು.