ಓದಿ ಹಾಕಿದ ರುಜು

ಹಾಸನದ ಟ್ರಸ್ಟಿನ ಯಜಮಾನರಾದ ಗಂಗಾಧರಯ್ಯನವರಿಗೆ ದ್ಯಾವಮ್ಮನ ನಮಸ್ಕಾರ.

ಫಲ ಕಾಣಲಿಲ್ಲವೆಂದು, ನಮಗೆ ಪಂಚಾಯಿತಿ ವಿಷಯ ಕಲಿಸುವ ಮೇಘಶ್ರೀಯನ್ನು ವರ್ಷಕ್ಕೇ ವಾಪಸ್ ಕರೆಸಿಕೊಂಡು, ಊರ ಮುಂದೆ ನಿಮ್ಮ ಹೆಸರಿನ ಕಮಾನು ಕಟ್ಟಿಸುತ್ತೀರಂತೆ. ನಿಮ್ಮ ತೋಟದ ತೆಂಗು ಒಂದೇ ವರ್ಷಕ್ಕೆ ಕಾಯಿ ಬಿಟ್ಟಿತ್ತೋ?

ನಮ್ಮೂರಲ್ಲಿ ಗ್ರಾಮಸಭೆ ಸೇರುತ್ತಿರಲಿಲ್ಲ. ಪಂಚಾಯಿತಿಯ ನಡಾವಳಿ ಪುಸ್ತಕವೇ ಮನೆ ಜಗುಲಿಗೆ ಬರುತ್ತಿತ್ತು, ನಾವು ಓದದೆ ರುಜು ಹಾಕುತ್ತಿದ್ದೆವು. ಮೊನ್ನೆ ಮೇಘಶ್ರೀ ಹೇಳಿಕೊಟ್ಟಂತೆ ಓದಿದೆ. ‘ಸಭೆಯಲ್ಲಿ ಎಲ್ಲರೂ ಒಪ್ಪಿದರು’ ಎಂದಿತ್ತು.

“ಯಾವ ಸಭೆಲಾ? ಕರಿ, ಬತ್ತೀನಿ, ಅಲ್ಲೇ ರುಜು ಆಕ್ತೀನಿ” ಎಂದೆ.

“ಎಲ್ರೂ ಆಕ್ತಾರೆ ಕಣಜ್ಜಿ” ಎಂದ ಪುಸ್ತಕ ತಂದವನು.

ಯಾರೂ ಹಾಕಲಿಲ್ಲ. ಹನ್ನೊಂದು ಮನೆ ಸುತ್ತಿ ಬರಿಗೈಲಿ ಹೋದ. ಈಗ ಸೋಮವಾರ ಸಭೆ ಕರೆದಿದ್ದಾರೆ.

ಅಲ್ಲಿ ಎದ್ದು ನಿಂತು ಕೇಳುವುದನ್ನು ನಾವಿನ್ನೂ ಕಲಿಯಬೇಕು. ಮೇಘಶ್ರೀಯನ್ನು ಇನ್ನು ಮೂರು ವರ್ಷ ಇಲ್ಲೇ ಬಿಡಿ. ಕಮಾನು ಸಭೆಯಲ್ಲಿ ಬಾಯಿ ಬಿಡುವುದಿಲ್ಲ.

ಇದನ್ನು ಎರಡು ಸಲ ಓದಿಯೇ ರುಜು ಹಾಕಿದ್ದೇನೆ,
ದ್ಯಾವಮ್ಮ
ಅರಕಲಗೂಡು ತಾಲ್ಲೂಕು